ಚುಕ್ಕಿಯ ಆಚೆಗಿನ ಮೂರಕ್ಷರ

ನಮ್ಮ ಬೆಳಕು ನೇತ್ರ ಸೇವಾ ಸಂಘದ ಕಂಬವೂ, ಒಮ್ಮೊಮ್ಮೆ ಗುಡುಗೂ ಆಗಿರುವ ಅಧ್ಯಕ್ಷರಾದ ಶ್ರೀ ಯಂಕೋಬ ಶೆಟ್ಟರೇ. ಮುಖ್ಯ ಅತಿಥಿಗಳಾಗಿ ಬಂದು, ನನ್ನ ಭಾಷಣ ಎಷ್ಟು ಉದ್ದವೆಂದು ಯಾರೂ ಮೊದಲೇ ಹೇಳದ ಕಾರಣ ಇನ್ನೂ ನಗುಮುಖದಿಂದ ಕುಳಿತಿರುವ ಕಣ್ಣಿನ ವೈದ್ಯರೇ. ಆಡಳಿತ ಮಂಡಳಿಯ ಹಿರಿಯರೇ. ರಾಯಚೂರು, ಮಾನ್ವಿ, ದೇವದುರ್ಗಗಳಿಂದ ಬಂದಿರುವ ತಾಯಂದಿರೇ, ಮಹನೀಯರೇ, ಮತ್ತು ಕಡ್ಲೆಕಾಯಿ ಮುಗಿದ ಮೇಲೂ ಎದ್ದು ಹೋಗದ ಸಹೃದಯ ಸಭಿಕರೇ,

ಸಂಘದ ಕಾರ್ಯದರ್ಶಿಯಾಗಿ ವಾರ್ಷಿಕ ವರದಿ ಓದುವುದು ನನ್ನ ಕೆಲಸ. ಎರಡು ಪುಟ ಓದಿದ್ದೇನೆ. ಶಿಬಿರಗಳಾದವು, ಶಸ್ತ್ರಚಿಕಿತ್ಸೆಗಳಾದವು, ದಾನಿಗಳಿಗೆ ವಂದನೆಯಾಯಿತು. ಈಗ ಮೂರನೆಯ ಪುಟದ ಕೊನೆಯ ವಾಕ್ಯಕ್ಕೆ ಬಂದಿದ್ದೇನೆ. ಇಲ್ಲಿ ನನ್ನ ನಾಲಿಗೆ ನಿಂತಿದೆ. ವಾಕ್ಯ ಹೀಗಿದೆ: "ಮಾನ್ವಿಯ ಕನ್ನಡಕ ವಿತರಣೆಯ ದಿನ ಕಂಪ್ಯೂಟರ್ ನಿರ್ವಾಹಕಿ ರಜಿಯಾ ಬೇಗಂ ಇವರ ಅಜಾಗರೂಕತೆಯಿಂದ ಹಲವು ರೋಗಿಗಳ ಹೆಸರು ಕಳೆದುಹೋಗಿ ಸಂಘಕ್ಕೆ ಮುಜುಗರವಾಯಿತು."

ಈ ವಾಕ್ಯ ಬರೆದವನು ನಾನಲ್ಲ. ಬರೆಸಿದವರು ಯಾರೆಂದು ಹೇಳುವ ಅಗತ್ಯವೂ ಇಲ್ಲ, ವೇದಿಕೆ ಚಿಕ್ಕದು. ನಾನು ಇದನ್ನು ಓದಿದರೆ, ನೀವು ಕೈ ಎತ್ತಿ ವರದಿಯನ್ನು ಅಂಗೀಕರಿಸಿದರೆ, ಆ ಹುಡುಗಿಯ ಕೆಲಸ ಇವತ್ತಿಗೆ ಮುಗಿಯಿತು. ಆಕೆಯ ತಂದೆ ಜಿಲಾನಿ ಪಾಷಾ ಅವರು ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕ ಕುಳಿತಿದ್ದಾರೆ. ತೊಡೆಯ ಮೇಲೆ ಮಗಳ ಬಟ್ಟೆಯ ಚೀಲ. ಸಂಜೆಯ ದೇವದುರ್ಗ ಬಸ್ಸಿಗೆ ಕರೆದುಕೊಂಡು ಹೋಗುವುದೆಂದು ಅವರು ತಯಾರಾಗಿಯೇ ಬಂದಿದ್ದಾರೆ. ಆದ್ದರಿಂದ ವಾಕ್ಯವನ್ನು ನೀವು ಒಪ್ಪುವ ಮೊದಲು ಆ ದಿನ ಏನಾಯಿತು, ಯಾಕಾಯಿತು ಎಂಬುದು ನಿಮಗೆ ಗೊತ್ತಾಗಬೇಕೋ ಬೇಡವೋ? ಬೇಕು. ಹಾಗಾದರೆ ಸ್ವಲ್ಪ ಕೇಳಿ.

ಕಂಪ್ಯೂಟರ್ ಎಂಬುದು ನಮ್ಮ ಸಂಘಕ್ಕೆ ಹೋದ ವರ್ಷ, ಅಂದರೆ ಎಂಬತ್ತೆಂಟರಲ್ಲಿ, ಹೈದರಾಬಾದಿನ ದಾನಿಯೊಬ್ಬರಿಂದ ಬಂತು. ಬಂದ ದಿನ ಅದಕ್ಕೆ ಕಾಯಿ ಒಡೆದೆವು, ಕುಂಕುಮ ಹಚ್ಚಿದೆವು. ಯಾರೋ ಊದುಬತ್ತಿಯನ್ನು ಅದರ ಡಿಸ್ಕು ಹಾಕುವ ಸೀಳಿನಲ್ಲೇ ಸಿಗಿಸಲು ಹೋದಾಗ ರಜಿಯಾ ಓಡಿ ಬಂದು ಕೈ ಹಿಡಿದಳು. ಆವತ್ತೇ ನನಗೆ ತಿಳಿಯಿತು, ಈ ಯಂತ್ರಕ್ಕೆ ಈಕೆಯೇ ತಕ್ಕವಳು ಎಂದು.

ನಾನು ಮೇಷ್ಟ್ರು. ನನಗೆ ಏನು ಕಂಡರೂ ಯಾಕೆ, ಹೇಗೆ ಎಂದು ಕೇಳುವ ರೋಗ. ಶಾಲೆ ಬಿಟ್ಟ ಮೇಲೆ ದಿನಾ ಸಂಘದ ಕಚೇರಿಗೆ ಹೋಗಿ ಆಕೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದೆ. "ಈ ಡಬ್ಬಿಯೊಳಗ ಕಾಗದಾನೂ ಅದಾವ, ಲೆಕ್ಕಾನೂ ಅದಾವ. ಯಾವ ಕಡತಾನ ಯಾರು ತೆರೀಬೇಕು ಅನ್ನೋದು ಇದಕ್ಕ ಹೆಂಗ ತಿಳೀತದವಾ?" ಎಂದು ಕೇಳಿದೆ.

ರಜಿಯಾ ನಕ್ಕಳು. "ಸರ್, ಪ್ರತಿ ಕಡತಕ್ಕೂ ಒಂದು ಹೆಸರು ಇರ್ತದ್ರಿ, ಎಂಟು ಅಕ್ಷರದೊಳಗ. ಆಮ್ಯಾಲ ಒಂದು ಚುಕ್ಕಿ. ಚುಕ್ಕಿ ಆಚಿಗೆ ಮೂರಕ್ಷರದ ಬಾಲ. ಆ ಬಾಲ ನೋಡೇ ಇದು ಯಾರ ಪೈಕಿ ಅಂತ ಗುರ್ತು ಹಿಡೀತಾವ್ರಿ."

ಯಾರ ಪೈಕಿ! ಸಭಿಕರೇ, ನಮ್ಮ ಕಡೆ ಹೊಸಬರು ಬಂದರೆ ನಾವು ಕೇಳುವ ಮೊದಲ ಪ್ರಶ್ನೆಯೂ ಅದೇ ಅಲ್ಲವೇ? ಯಂತ್ರಕ್ಕೂ ಅದೇ ಬೇಕಂತೆ. ಕೆಲವು ಬಾಲ ಇದ್ದರೆ ಅದು ತಾನೇ ಎದ್ದು ಕೆಲಸ ಮಾಡುವ ಪ್ರೋಗ್ರಾಮು. ಉಳಿದ ಬಾಲದವು ಸುಮ್ಮನೆ ಮಲಗಿರುವ ಕಡತಗಳು. ತಮ್ಮ ಪ್ರೋಗ್ರಾಮು ಬಂದು ಕರೆಯುವ ತನಕ ಏಳುವುದಿಲ್ಲ. ಆ ಪ್ರೋಗ್ರಾಮಾದರೂ ತನ್ನ ಬಾಲದವರನ್ನು ಮಾತ್ರ ಕರೆಯುತ್ತದೆ. ಒಳಗೆ ಏನು ಬರೆದಿದೆ ಎಂದು ಇಣುಕಿ ನೋಡುವ ವ್ಯವಧಾನ ಅದಕ್ಕೆ ಇಲ್ಲ.

ನನಗೆ ಅನುಮಾನ. ಹಾಗಾದರೆ ಬಾಲ ಬದಲಿಸಿದರೆ ಕಡತವೂ ಬದಲಾಗುತ್ತದೆಯೇ? ಕೈ ಸುಮ್ಮನಿರಲಿಲ್ಲ. ಹಿಂದಿನ ವರ್ಷದ ವಾರ್ಷಿಕ ವರದಿಯನ್ನು ತೆಗೆದು, ಅದರ ಬಾಲ ಕಿತ್ತು, ಪ್ರೋಗ್ರಾಮಿನ ಬಾಲ ಹಚ್ಚಿ, ಈಗ ಓಡು ನೋಡೋಣ ಎಂದೆ. ಯಂತ್ರ ಏನೋ ಒಂದು ಸಾಲು ಗೊಣಗಿ ಸುಮ್ಮನಾಯಿತು. ನನ್ನ ವರದಿ ಕೇಳಿ ಗೊಣಗಿ ಸುಮ್ಮನಾಗದವರು ಈ ಊರಿನಲ್ಲಿ ಯಾರಿದ್ದಾರೆ ಹೇಳಿ! ರಜಿಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸರ್, ಮಾನ್ವಿ ಬಸ್ಸಿಗೆ ದೇವದುರ್ಗದ ಬೋರ್ಡ್ ಹಾಕಿದ್ರ ಒಳಗ ಕುಂತ ಮಂದಿ ದೇವದುರ್ಗದವ್ರು ಆಗ್ತಾರೇನ್ರಿ? ಬೋರ್ಡ್ ನೋಡಿ ಹತ್ತೋ ಮಂದಿ ಮೋಸ ಹೋಗ್ತಾರ, ಅಷ್ಟ."

ಎಷ್ಟು ಸರಿಯಾದ ಮಾತು! ಬಾಲ ಬದಲಾದರೆ ಒಳಗಿನದು ಬದಲಾಗುವುದಿಲ್ಲ, ತೆರೆಯುವವರು ಬದಲಾಗುತ್ತಾರೆ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಉದ್ಘೋಷಕರು ಒಂದು ಚೀಟಿ ಕಳಿಸಿದ್ದಾರೆ. "ಬೇಗ ಮುಗಿಸಿರಿ" ಎಂದಿದೆ. ಆಯಿತು, ಮುಗಿಸುತ್ತೇನೆ. ಆದರೆ ಬಾಲದ ವಿಷಯ ಬಂದ ಮೇಲೆ ನನ್ನ ಬಾಲದ ವಿಷಯ ಹೇಳದಿದ್ದರೆ ಹೇಗೆ?

ನನ್ನ ಹೆಸರು ಖಾಸಿಮಪ್ಪ. ಹಿರೇಕೊಟ್ನೆಕಲ್ಲಿನ ಕುರಿ ಕಾಯುವ ಮನೆಯವನು. ಮಕ್ಕಳು ಉಳಿಯಲಿಲ್ಲವೆಂದು ನಮ್ಮವ್ವ ಅಯ್ಯಮ್ಮ ಮೊಹರಮ್ಮಿನಲ್ಲಿ ಖಾಸಿಂ ಪೀರನಿಗೆ ಹರಕೆ ಹೊತ್ತಳು. ನಾನು ಹುಟ್ಟಿದೆ, ಉಳಿದೆ. ಪೀರನ ಹೆಸರು ಇಟ್ಟಳು, ಹಿಂದೆ ನಮ್ಮ ಮನೆತನದ 'ಅಪ್ಪ' ಸೇರಿಸಿದಳು. ಈ ಸಭೆಯಲ್ಲೇ ಎಷ್ಟು ಜನ ಹುಸೇನಪ್ಪ, ಲಾಲಪ್ಪ, ಮೌಲಮ್ಮ ಇದ್ದೀರಿ! ಬೇರೆ ಊರಿನವರು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ನಮಗೆ ಇದರಲ್ಲಿ ಸೋಜಿಗವೇ ಇಲ್ಲ. ಬುಡ ಒಂದೇ, ಬಾಲ ಬೇರೆ. ಹುಸೇನ್ ಸಾಬ್ ಅಂದರೆ ಆ ಓಣಿ, ಹುಸೇನಪ್ಪ ಅಂದರೆ ಈ ಓಣಿ.

ನನ್ನನ್ನು ಮಾನ್ವಿಯ ಶಾಲೆಗೆ ಹಾಕಿದಾಗ ನಿಜಾಮರ ಕಾಲ ಮುಗಿದು ಸ್ವಲ್ಪವೇ ವರ್ಷವಾಗಿತ್ತು. ಒಂದೇ ಅಂಗಳದಲ್ಲಿ ಕನ್ನಡದ ತರಗತಿ, ಉರ್ದು ತರಗತಿ. ಹೆಸರು ಬರೆದುಕೊಂಡವರು ಅವಸರದಲ್ಲಿ 'ಖಾಸಿಂ' ಎಂದಷ್ಟೇ ಬರೆದರು. ಅಪ್ಪ ಹೋಯಿತು. ಬಾಲ ಇಲ್ಲದ ನನ್ನನ್ನು ನೋಡಿದವರು ಸೀದಾ ಉರ್ದು ತರಗತಿಯಲ್ಲಿ ಕೂಡಿಸಿದರು. ನನಗೇನು ಗೊತ್ತು? ಅಲ್ಲಿ ಸತ್ತಾರ್ ಸಾಬ್ ಮೇಷ್ಟ್ರು ಅಲಿಫ್ ಅಂದರು, ನಾನೂ ಅಲಿಫ್ ಅಂದೆ. ಅವರು ಬೇ ಅಂದರು, ನಾನೂ ಬೇ ಅಂದೆ.

ಕೆಲವು ವಾರ ಕಳೆದ ಮೇಲೆ ನಮ್ಮವ್ವ ಕುರಿ ಬಿಟ್ಟು, ಕೈಯಲ್ಲಿ ಕೋಲು ಹಿಡಿದು ಶಾಲೆಗೆ ಬಂದಳು. ಆ ಚಿತ್ರ ಈಗಲೂ ನನ್ನ ಕಣ್ಣಲ್ಲಿದೆ. ಬಾಗಿಲಲ್ಲಿ ನಿಂತು ಅಂದಳು: "ಯಪ್ಪಾ ಮಾಸ್ತರ, ನನ್ನ ಮಗ ಮನ್ಯಾಗ ಕುಂತ್ರ ನಿಂತ್ರ ಅಲಿಫ್ ಬೇ ಅನ್ನಾಕತ್ಯಾನ. ಕುರಿಗೂ ಅದನ್ನ ಹೇಳಾಕತ್ಯಾನ. ಏನರ ಗಾಳಿ ಬಡದದೇನ್ರಿ?"

ಸತ್ತಾರ್ ಸಾಬ್ ಮೇಷ್ಟ್ರು ಎದ್ದು ಬಂದು ನನ್ನ ಹೆಸರು ನೋಡಿದರು, ಅವ್ವನ ಕೈಯ ಕೋಲು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಅಂದರು: "ಅಯ್ಯಮ್ಮ, ಗಾಳಿ ಬಡದಿಲ್ಲ. ನಾವೇ ತಪ್ಪಿ ಕರಕೊಂಡೀವಿ. ಆದ್ರ ಇವ ನಮ್ಮ ಕ್ಲಾಸಿಗೆ ಮೊದಲನೇ ನಂಬರ ಅದಾನ. ಈ ವರ್ಷ ಮುಗೀಲಿ ಬಿಡವಾ. ಕನ್ನಡಾನೂ ನಾನ ಸಂಜಿಮುಂದ ಹೇಳಿಕೊಡ್ತೀನಿ."

ಅವ್ವ ಕೋಲನ್ನು ಬಾಗಿಲಿಗೆ ಒರಗಿಸಿ, "ಎರಡೂ ಹೇಳ್ತೀರಂದ್ರ ಇರಲಿ ಬಿಡ್ರಿ. ಫೀಜು ಒಂದ ಅಲ್ಲರೀ?" ಎಂದಳು.

ಹೀಗೆ ತಪ್ಪಿದ ಬಾಲದಿಂದ ನನಗೆ ಎರಡು ಭಾಷೆ ಬಂದವು. ಭಾಷೆ ಮಾತ್ರವಲ್ಲ. ಅವ್ವ ಕುರಿ ಹೊಡೆದುಕೊಂಡು ಕೃಷ್ಣೆಯ ಕಡೆ ಹೋದಾಗೆಲ್ಲ ನಾನು ಮೇಷ್ಟ್ರ ಮನೆಯಲ್ಲೇ ಇರುತ್ತಿದ್ದೆ. ಅವರ ಹೆಂಡತಿಯ ಹೆಸರು ಖಾಸಿಂ ಬೀ. "ಮೇರೇ ನಾಮ್ ಕಾ ಬಚ್ಚಾ," ನನ್ನ ಹೆಸರಿನ ಕೂಸು, ಎಂದು ನನಗೆ ಮೊದಲ ರೊಟ್ಟಿ ಬಡಿಯುತ್ತಿದ್ದರು. ಅವರ ಸ್ವಂತ ಮಕ್ಕಳಿಗೆ ಎರಡನೆಯ ರೊಟ್ಟಿ. ನನಗೆ ಜ್ವರ ಬಂದರೆ ತಲೆಗೆ ಎಣ್ಣೆ ಒತ್ತಿ, ಆಮೇಲೆ ಒಂದು ಕೈಯಲ್ಲಿ ತಸಬಿಯ ಜಪಮಣಿ ಎಣಿಸುತ್ತಿದ್ದರು, ಇನ್ನೊಂದು ಕೈಯಲ್ಲಿ ನಮ್ಮವ್ವ ಕೊಟ್ಟುಹೋದ ನೀರಮಾನ್ವಿ ಎಲ್ಲಮ್ಮನ ಭಂಡಾರ ಹಚ್ಚುತ್ತಿದ್ದರು. ಯಾವುದರಿಂದ ಜ್ವರ ಇಳಿಯಿತೆಂದು ನಾನು ಇವತ್ತಿಗೂ ಹೇಳಲಾರೆ. ಈಗಲೂ ನಮ್ಮ ಮನೆಯಲ್ಲಿ ಏನಾದರೂ ಸಿಹಿ ಮಾಡಿದರೆ ನನ್ನ ಹೆಂಡತಿ ಯಂಕಮ್ಮ ಡಬ್ಬಿಗೆ ಹಾಕುತ್ತಾ ಕೇಳುತ್ತಾಳೆ: "ಇದು ನಿಮ್ಮವ್ವಗೋ, ನಿಮ್ಮ ಆ ಅವ್ವಗೋ?" ಎರಡು ಡಬ್ಬಿ ಹಾಕು ಎನ್ನುತ್ತೇನೆ.

ನಾನು ಎಲ್ಲಿಗೆ ಹೊರಟೆ? ಕ್ಷಮಿಸಿ. ಎರಡನೆಯ ಚೀಟಿ ಬಂದಿದೆ. ಇದರಲ್ಲಿ 'ಬೇಗ'ದ ಕೆಳಗೆ ಗೆರೆ ಎಳೆದಿದ್ದಾರೆ.

ಇಲ್ಲೇ ಹೆಣ್ಣುಮಕ್ಕಳ ಕಡೆ ಕುಳಿತಿರುವ ಆ ಖಾಸಿಂ ಬೀ ಅವರ ಮೊಮ್ಮಗಳೇ ನಮ್ಮ ರಜಿಯಾ ಬೇಗಂ. ಇದನ್ನು ಹೇಳಬಾರದೆಂದುಕೊಂಡಿದ್ದೆ, ಬಾಯಿಗೆ ಬಂದುಬಿಟ್ಟಿತು. ಓಹೋ, ಅದಕ್ಕೇ ಇವನು ಇಷ್ಟು ಹಾರಾಡುತ್ತಾನೆ ಎಂದು ನೀವು ಅನ್ನಬಹುದು. ಅನ್ನಿ. ಆದರೆ ಏನಾಯಿತೆಂಬುದನ್ನು ಪೂರ್ತಿ ಕೇಳಿ ಆಮೇಲೆ ಅನ್ನಿ.

ಕನ್ನಡಕದ ಕೆಲಸಕ್ಕೆಂದು ಹೈದರಾಬಾದಿನ ಇಂಜಿನಿಯರ್ ಒಬ್ಬರು ಒಂದು ಪ್ರೋಗ್ರಾಮು ಬರೆದುಕೊಟ್ಟು ಹೋದರು. ಪ್ರತಿಯೊಬ್ಬ ರೋಗಿಗೂ ಒಂದು ಕಡತ. ಅದರಲ್ಲಿ ಯಾವ ಕಣ್ಣು, ಯಾವ ನಂಬರಿನ ಗಾಜು, ಯಾವ ಪೊಟ್ಟಣ ಎಂಬ ವಿವರ. ವಿವರವನ್ನು ಬರೆಯುವುದು ಕಾಗದ ಬರೆಯುವ ಪ್ರೋಗ್ರಾಮಿನಲ್ಲಿ. ಕನ್ನಡಕ ಬಂದ ದಿನ ಚೀಟಿ ತೆಗೆಯುವುದು ಇಂಜಿನಿಯರ್ ಬರೆದ ಪ್ರೋಗ್ರಾಮಿನಲ್ಲಿ. ಅದು ಹೆಸರು ಕೇಳುತ್ತದೆ. ನೀವು ಹೆಸರು ಒತ್ತಿದರೆ ತಾನೇ ಹಿಂದೆ ಚುಕ್ಕಿ ಇಟ್ಟು ಡಿ, ಎ, ಟಿ ಎಂಬ ಬಾಲ ಸೇರಿಸಿಕೊಂಡು ಹುಡುಕುತ್ತದೆ. ಡ್ಯಾಟ್ ಎಂದು ಕರೆಯುತ್ತಿದ್ದೆವು.

ರಜಿಯಾ ಬರೆಯುತ್ತಾ ಹೋದಳು. ಪರಮಣ್ಣ ಡ್ಯಾಟ್. ಕನಕರಾಯ ಡ್ಯಾಟ್. ಉಮ್ಮೇ ಕುಲ್ಸುಮ್ ಅವರ ಹೆಸರು ಎಂಟಕ್ಷರಕ್ಕೆ ಹಿಡಿಯದೆ ಅರ್ಧ ಉಮ್ಮೇ ಕುಲ್ಸುಮ್ ಡ್ಯಾಟ್. ಎಲ್ಲ ಸರಿಯಾಗಿತ್ತು. ಆಮೇಲೆ ಹುಸೇನ್ ಸಾಬ್ ಬಂದರು, ಹುಸೇನ್ ಡ್ಯಾಟ್. ಅವರ ಹಿಂದೆಯೇ ನೀರಮಾನ್ವಿಯ ಹುಸೇನಪ್ಪ. ಅವನಿಗೂ ಹುಸೇನ್ ಎಂದು ಒತ್ತಿದರೆ ಸಾಬರ ಕಣ್ಣು ತೆರೆದುಕೊಂಡಿತು! ಒಂದೇ ಹೆಸರಿನ, ಒಂದೇ ಬಾಲದ ಎರಡು ಕಡತ ಯಂತ್ರದಲ್ಲಿ ಇರುವ ಹಾಗಿಲ್ಲ. ಆಮೇಲೆ ಖಾಸಿಂ ಬೀ, ಖಾಸಿಮಮ್ಮ. ಲಾಲ್ ಸಾಬ್, ಲಾಲಪ್ಪ. ರಜಿಯಾ ಕೈ ಕಟ್ಟಿ ಕುಳಿತಳು.

ಅದೇ ಹೊತ್ತಿಗೆ ನಮ್ಮ ಅಧ್ಯಕ್ಷರು ಕಚೇರಿಗೆ ಬಂದರು. ಶೆಟ್ಟರೇ, ನೀವು ನನ್ನ ಕಡೆ ಹೀಗೆ ನೋಡಬೇಡಿ. ನಾನು ನಿಮ್ಮ ಒಳ್ಳೆಯತನವನ್ನೇ ಹೇಳಲು ಹೊರಟಿದ್ದೇನೆ. ಅಧ್ಯಕ್ಷರು ಪರದೆ ನೋಡಿದರು. ಹುಸೇನ್, ಖಾಸಿಂ, ಲಾಲ್ ಎಂದು ಬೋಳು ಹೆಸರುಗಳು. ಅವರ ಮುಖ ಕೆಂಪಾಯಿತು.

"ಏನವಾ ಇದು? ನಿನ್ನ ಅಜ್ಜಿ ವಯಸ್ಸಿನವ್ರನ್ನ ಬರೇ ಖಾಸಿಂ ಅಂತ ಬರೀತಿಯಾ? ಹಿರೇರ ಹೆಸರಿನ ಹಿಂದ ಸಾಬ ಇರ್ತದ, ಬೀ ಇರ್ತದ, ಅಪ್ಪ, ಅಮ್ಮ ಇರ್ತದ. ಯಂತ್ರ ಆದ್ರ ಏನಾತು, ಮರ್ಯಾದಿ ಬ್ಯಾಡೇನು?"

"ಜಾಗ ಇರೋದು ಚುಕ್ಕಿ ಆಚಿಗೆ ಮೂರಕ್ಷರ ಅಷ್ಟರೀ. ಅಲ್ಲಿ ಡ್ಯಾಟ್ ಇರಬೇಕ್ರಿ," ಎಂದಳು ರಜಿಯಾ.

"ಡ್ಯಾಟ್ ಯಾರವಾ? ನಮ್ಮ ಜಿಲ್ಲಾದಾಗ ಡ್ಯಾಟ್ ಅನ್ನೋ ಮನಿತನ ಇಲ್ಲ. ಅವನ್ನ ತಗಿ. ಸಾಬ್ ಬರಿ, ಅಪ್ ಬರಿ, ಬೀ ಬರಿ. ಗುರ್ತೂ ಸಿಗ್ತದ, ಮರ್ಯಾದಿನೂ ಉಳೀತದ."

ಸಭಿಕರೇ, ನೀವೇ ಹೇಳಿ, ಇದಕ್ಕಿಂತ ನ್ಯಾಯವಾದ ಮಾತು ಇದೆಯೇ? ಅಲ್ಲಿದ್ದವರೆಲ್ಲ ಭೇಷ್ ಅಂದೆವು. ರಜಿಯಾ ಮಾತ್ರ ಭೇಷ್ ಅನ್ನಲಿಲ್ಲ. ಆಕೆ ಹುಸೇನ್ ಚುಕ್ಕಿ ಸಾಬ್ ಎಂದು ಬರೆದು, ಉಳಿಸಿ, ಮುಚ್ಚಿ, ಮತ್ತೆ ತೆರೆದು ನೋಡಿದಳು. ತೆರೆಯಿತು. ಹುಸೇನ್ ಚುಕ್ಕಿ ಅಪ್ಪ ಕೂಡ ತೆರೆಯಿತು. ಯಾಕೆ? ಆಕೆ ನೋಡಿದ್ದು ಕಾಗದ ಬರೆಯುವ ಪ್ರೋಗ್ರಾಮಿನಲ್ಲಿ. ಅದು ನಮ್ಮ ಖಾಸಿಂ ಬೀ ಅವರ ಮನೆಯ ಹಾಗೆ, ಯಾರ ಪೈಕಿ ಎಂದು ಕೇಳದೆ ಬಂದವರಿಗೆಲ್ಲ ಬಾಗಿಲು ತೆಗೆಯುತ್ತದೆ. ಇಂಜಿನಿಯರ್ ಬರೆದದ್ದು ಹಾಗಲ್ಲ. ಆದರೆ ಕನ್ನಡಕ ಇನ್ನೂ ಬಂದಿರಲಿಲ್ಲ, ಚೀಟಿ ಮುದ್ರಿಸುವ ಕೆಲಸವೇ ಶುರುವಾಗಿರಲಿಲ್ಲ. ಗೊತ್ತಾಗುವುದಾದರೂ ಹೇಗೆ?

ಕನ್ನಡಕ ಹೈದರಾಬಾದಿನಿಂದ ಬಂದವು. ಯಂತ್ರವನ್ನು ಎರಡು ಕಂಬಳಿಯಲ್ಲಿ ಸುತ್ತಿ, ಬಾಣಂತಿಯನ್ನು ಕರೆದುಕೊಂಡು ಹೋದ ಹಾಗೆ ಜೀಪಿನಲ್ಲಿ ಮೆಲ್ಲಗೆ ಮಾನ್ವಿಗೆ ಒಯ್ದೆವು. ನಾನು ಅಲಿಫ್ ಬೇ ಕಲಿತ ಅದೇ ಶಾಲೆ. ಪಡಸಾಲೆಯ ತುಂಬ ಮುದುಕರು, ಮುದುಕಿಯರು. ಕಣ್ಣಿಗೆ ಹಸಿರು ಬಟ್ಟೆ. ಮೊದಲನೆಯ ಜಾಗದಲ್ಲಿ ಖಾಸಿಂ ಬೀ. ಮೇಷ್ಟ್ರ ಹೆಂಡತಿಯೆಂದು ಊರವರೇ ಮುಂದೆ ಕೂಡಿಸಿದ್ದರು. ಜಿಲಾನಿ ಪಾಷಾ ಅವರೂ ದೇವದುರ್ಗದ ಸಂತೆಯ ಬಳೆ ಅಂಗಡಿ ಮುಚ್ಚಿ ಮಗಳ ಕೆಲಸ ನೋಡಲು ಬಂದಿದ್ದರು. ಮಗಳು ಕೆಲಸಕ್ಕೆ ಸೇರಿದ ದಿನವೇ ಅವರು ಒಂದು ಮಾತು ಹೇಳಿದ್ದರು: "ಏಕ್ ಬಾತ್ ಬೀ ಆಯಿ ತೋ ಘರ್ಕೋ ಆಜಾನಾ." ನಿನ್ನ ಮೇಲೆ ಒಂದು ಮಾತು ಬಂದರೂ ಮನೆಗೆ ಬಂದುಬಿಡು ಎಂದು.

ರಜಿಯಾ ಅಜ್ಜಿಯ ಹೆಸರು ಒತ್ತಿದಳು. ಕಡತ ಇಲ್ಲ ಎಂದಿತು ಯಂತ್ರ. ಮತ್ತೆ ಒತ್ತಿದಳು. ಇಲ್ಲ. ಹುಸೇನ್? ಇಲ್ಲ. ಲಾಲ್? ಇಲ್ಲ. ಪರಮಣ್ಣ ಎಂದು ಒತ್ತಿದರೆ ಟಕಟಕ ಎಂದು ಚೀಟಿ ಬಂತು. ಕನಕರಾಯನಿಗೂ ಬಂತು. ಮತ್ತೆ ಖಾಸಿಂ ಎಂದರೆ ಇಲ್ಲ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲಿಲ್ಲ? ಹಿಂದಿನಿಂದ ಯಾರೋ ಅಂದರು: "ಯಂತ್ರ ಸಾಬರ ಹೆಸರಷ್ಟ ನುಂಗ್ಯದಂತಲೇ!" ಅಷ್ಟರಲ್ಲಿ ನೀರಮಾನ್ವಿಯ ಹುಸೇನಪ್ಪ ಕಂಬಳಿ ಕೊಡವಿ ಎದ್ದ. "ಲೇ, ನಾ ಯಾವ ಸಾಬ? ನಂದೂ ಹೋಗ್ಯದ!" ಪಡಸಾಲೆಗೆ ಪಡಸಾಲೆಯೇ ನಕ್ಕಿತು. ಆ ಪುಣ್ಯಾತ್ಮ ಎದ್ದು ನಿಲ್ಲದಿದ್ದರೆ ಆ ದಿನ ಏನಾಗುತ್ತಿತ್ತೋ, ನೆನೆದರೆ ಈಗಲೂ ನನಗೆ ಹೆದರಿಕೆಯಾಗುತ್ತದೆ. ಪರಮಣ್ಣ ತನ್ನ ಹೊಸ ಕನ್ನಡಕ ಏರಿಸುತ್ತಾ, "ಹೆಸರು ಹೋದ್ರ ಹೋಗ್ಲಿ ಬಿಡ್ರಿ, ಅವ್ರಿಗೂ ಕಣ್ಣು ಕೊಡ್ರಿ" ಎಂದ.

ಆದರೆ ಕೊಡುವುದು ಹೇಗೆ? ಪೊಟ್ಟಣಗಳ ಮೇಲೆ ಬರೀ ನಂಬರು. ಯಾವ ನಂಬರು ಯಾರ ಕಣ್ಣಿಗೆ ಎಂಬುದು ಯಂತ್ರದೊಳಗೆ. ಅಧ್ಯಕ್ಷರಿಗೆ ಮುದುಕರ ಮುಖ ನೋಡಲಾಗಲಿಲ್ಲ. ಕನಿಕರ ಹೆಚ್ಚಾದಾಗ ಅವರಿಗೆ ಸಿಟ್ಟು ಬರುತ್ತದೆ, ಅದು ಅವರ ಸ್ವಭಾವ. "ಹುಡುಗಿ ಎಲ್ಲಾರ ಹೆಸರು ಕಳದಾಳ! ಬರೋದಿಲ್ಲಂದ್ರ ಯಾಕ ಕುಂತಿ ಇಲ್ಲಿ? ಎದ್ದು ಮನಿಗೆ ಹೋಗು!" ಎಂದು ಎಲ್ಲರ ಎದುರಿಗೆ ಕೂಗಿದರು.

ಬಾಗಿಲ ಬಳಿ ಜಿಲಾನಿ ಪಾಷಾ ಅವರು ಎದ್ದು ನಿಂತದ್ದನ್ನು ನಾನು ನೋಡಿದೆ. ರಜಿಯಾಳೂ ನೋಡಿದಳು. ಆಗ ಆಕೆ ಏನು ಹೇಳಬಹುದಿತ್ತು? "ಸಾಬ್ ಹಚ್ಚು ಅಂದವ್ರು ನೀವ ಅಲ್ಲೇನ್ರಿ?" ಎನ್ನಬಹುದಿತ್ತು. ಅನ್ನಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು, ಕೈ ಒತ್ತುತ್ತಲೇ ಇತ್ತು. ಒಳಗಿರುವ ಕಡತಗಳನ್ನೆಲ್ಲ ತೋರಿಸು ಎಂದು ಯಂತ್ರಕ್ಕೆ ಹೇಳಿದಳು. ಪರದೆಯ ಮೇಲೆ ಎಲ್ಲ ಹೆಸರುಗಳೂ ಸಾಲಾಗಿ ಬಂದವು. ಒಂದೂ ಕಳೆದಿರಲಿಲ್ಲ! ಹುಸೇನ್ ಸಾಬ್ ಇದ್ದರು, ಹುಸೇನಪ್ಪ ಇದ್ದ, ಖಾಸಿಂ ಬೀ ಇದ್ದರು. ಎಲ್ಲರೂ ಅಂಗಳದಲ್ಲೇ ಕುಳಿತಿದ್ದರು. ಕರೆಯುವವನು ಡ್ಯಾಟ್, ಡ್ಯಾಟ್ ಎಂದು ಕೂಗುತ್ತಿದ್ದ, ಅಷ್ಟೇ.

ಆಕೆ ಆ ಸಾಲನ್ನು ನೋಡುತ್ತಾ ಕುಳಿತಳು. ತೆರೆದವರ ಬಾಲ ಯಾವುದು, ತೆರೆಯದವರ ಬಾಲ ಯಾವುದು ಎಂದು ಬೆರಳಿಟ್ಟು ನೋಡಿದಳು. ಮುಖ ಅರಳಿತು. ಸಾಬ್ ತೆಗೆದು ಡ್ಯಾಟ್ ಹಚ್ಚಿದಳು, ಹುಸೇನ್ ಸಾಬರು ತೆರೆದರು. ಹುಸೇನಪ್ಪನಿಗೂ ಹಾಗೇ ಮಾಡಲು ಹೋದರೆ ಯಂತ್ರ ಒಪ್ಪಲಿಲ್ಲ. ಆ ಹೆಸರಿನವರು ಆಗಲೇ ಒಬ್ಬರಿದ್ದಾರೆ ಎಂದಿತು. ಮತ್ತೆ ಮೊದಲಿನ ತೊಡಕು. ಆಗ ನಮ್ಮ ಹುಡುಗಿ ಏನು ಮಾಡಿದಳು ಗೊತ್ತೇ? ಸಾಬ್, ಅಪ್ಪ, ಬೀಗಳನ್ನು ಚುಕ್ಕಿಯ ಆಚೆಯಿಂದ ಈಚೆಗೆ ತಂದು ಹೆಸರಿಗೇ ಅಂಟಿಸಿದಳು. ಹುಸೇನ್‌ಸಾಬ್ ಚುಕ್ಕಿ ಡ್ಯಾಟ್. ಖಾಸಿಂಬೀ ಚುಕ್ಕಿ ಡ್ಯಾಟ್. ಇಂಗ್ಲಿಷಿನಲ್ಲಿ ಬರೆದು ನೋಡಿ, ಸರಿಯಾಗಿ ಎಂಟಕ್ಷರ! ಮರ್ಯಾದೆಯೂ ಉಳಿಯಿತು, ಬಾಗಿಲೂ ತೆರೆಯಿತು. ಮಧ್ಯಾಹ್ನದ ನಮಾಜಿಗೆ ಮೊದಲೇ ಚೀಟಿಗಳೆಲ್ಲ ಬಂದವು. ಕನ್ನಡಕ ಸಿಗದೆ ಆ ದಿನ ಯಾರೂ ಮನೆಗೆ ಹೋಗಲಿಲ್ಲ.

ಖಾಸಿಂ ಬೀ ಅವರಿಗೆ ಕನ್ನಡಕ ಹಾಕಿದವನು ನಾನು. ಎಷ್ಟೋ ವರ್ಷದಿಂದ ಅವರು ನನ್ನನ್ನು ದನಿಯಿಂದ ಮಾತ್ರ ಗುರುತಿಸುತ್ತಿದ್ದರು. ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, "ಅರೇ ಖಾಸಿಮಾ, ತೂ ಕಬ್ ಬುಡ್ಡಾ ಹುವಾ ರೇ?" ಎಂದರು. ನೀನು ಯಾವಾಗ ಮುದುಕನಾದೆಯೋ ಎಂದು. ನಾನು ನಗಬೇಕೆಂದುಕೊಂಡೆ. ಆಗಲಿಲ್ಲ. ಈಗಲೂ... ಇರಲಿ, ಒಂದು ಗುಟುಕು ನೀರು ಕುಡಿಯುತ್ತೇನೆ.

ಆದರೆ ಕನ್ನಡಕ ಮಾನ್ವಿಯಲ್ಲೇ ಉಳಿಯಿತು, ಕೂಗಿದ ಮಾತು ದೇವದುರ್ಗಕ್ಕೆ ಹೋಯಿತು. ಬಸ್ಸಿನಲ್ಲಿ ಹೋಯಿತು, ಸಂತೆಯಲ್ಲಿ ಹರಡಿತು. "ಮುದುಕರ ಹೆಸರು ಕಳದ ಹುಡುಗಿ ನಿಮ್ಮ ಮಗಳ ಅಲ್ಲೇನ್ರಿ?" ಎಂದು ಬಳೆ ಕೊಳ್ಳಲು ಬಂದವರು ಜಿಲಾನಿ ಪಾಷಾ ಅವರನ್ನು ಕೇಳಿದರಂತೆ. ಇಷ್ಟು ದಿನ ಸಹಿಸಿದರು. ವರದಿಯಲ್ಲೂ ಅದೇ ಬರುತ್ತದೆಂದು ತಿಳಿದ ಮೇಲೆ ಚೀಲ ತೆಗೆದುಕೊಂಡು ಬಂದಿದ್ದಾರೆ. ರಜಿಯಾ ತಂದೆಗೂ ನಿಜ ಹೇಳಿಲ್ಲ. ಯಾಕವ್ವಾ ಎಂದು ನಿನ್ನೆ ಕೇಳಿದೆ. "ಅವ್ರು ಹಿರೇರ್ರಿ ಸರ್. ಮರ್ಯಾದಿ ಕೊಡಬೇಕಂತ ಹೇಳಿದ್ರು. ಅವ್ರ ಮರ್ಯಾದಿ ನಾ ಹೆಂಗ ತಗೀಲಿ?" ಎಂದಳು.

ಶೆಟ್ಟರೇ, ಇದನ್ನು ನೀವು ಕೇಳಬೇಕೆಂದೇ ನಾನು ಇಷ್ಟು ದೂರ ಸುತ್ತಿ ಬಂದೆ. ನೀವು ಹೇಳಿದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮುದುಕಿಯೊಬ್ಬಳ ಹೆಸರನ್ನು ಬೋಳಾಗಿ ಬರೆಯಲು ನಿಮ್ಮ ಮನಸ್ಸು ಒಪ್ಪಲಿಲ್ಲ. ಈ ತಪ್ಪು ಬೆಂಗಳೂರಿನವರಿಗೆ ಹೊಳೆಯುವುದಿಲ್ಲ, ಹೈದರಾಬಾದಿನವರಿಗೂ ಹೊಳೆಯುವುದಿಲ್ಲ. ನಮ್ಮ ಜಿಲ್ಲೆಯವರೇ ಮಾಡಬೇಕು ಇದನ್ನು. ಆದರೆ ಈ ವಾಕ್ಯವಿದೆಯಲ್ಲ, 'ಅಜಾಗರೂಕತೆಯಿಂದ' ಎಂಬುದು, ಅದು ಒಳಗಿನದಕ್ಕೆ ಹೊಂದದ ಬಾಲ. ಇದನ್ನು ಹಚ್ಚಿದರೆ ರಜಿಯಾ ಬದಲಾಗುವುದಿಲ್ಲ. ಆದರೆ ಮುಂದೆ ಎಲ್ಲಿ ಹೋದರೂ ಯಾವ ಬಾಗಿಲೂ ತೆರೆಯುವುದಿಲ್ಲ. ಇದನ್ನು ನಾನು ಓದಲಾರೆ. ಬೇಕಾದರೆ ಕಾರ್ಯದರ್ಶಿಯ ಕುರ್ಚಿ ಬಿಡುತ್ತೇನೆ, ಓದುವುದಿಲ್ಲ.

ಮೂರನೆಯ ಚೀಟಿ ಬಂದಿತೇನು? ಇಲ್ಲ, ಚೀಟಿಯಲ್ಲ. ಅಧ್ಯಕ್ಷರು ನನ್ನ ಕೈಯಲ್ಲಿರುವ ಹಾಳೆಯನ್ನು ಕೇಳುತ್ತಿದ್ದಾರೆ. ತೆಗೆದುಕೊಳ್ಳಿ. ಸಭಿಕರೇ, ಒಂದು ನಿಮಿಷ. ಅವರು ಕನ್ನಡಕ ಹುಡುಕುತ್ತಿದ್ದಾರೆ. ಜೇಬಿನಲ್ಲಿದೆ ನೋಡಿ ಶೆಟ್ಟರೇ, ಎಡಗಡೆ. ಹಾಕಿಕೊಂಡರು. ಡಾಕ್ಟರೇ, ನಿಮ್ಮ ಪೆನ್ನು ಕೊಡಿ, ಅವರದು ಬರೆಯುತ್ತಿಲ್ಲ.

ಹಾಳೆ ವಾಪಸ್ಸು ಬಂದಿದೆ. ಆ ವಾಕ್ಯದ ಮೇಲೆ ಉದ್ದಕ್ಕೂ ಗೆರೆ ಎಳೆದಿದ್ದಾರೆ. ಕೆಳಗೆ ತಮ್ಮ ಕೈಯಿಂದಲೇ ಬರೆದಿದ್ದಾರೆ. ಓದುತ್ತೇನೆ: "ಬಾಲ ಬದಲಿಸು ಅಂದವ ನಾನು. ಬಾಗಿಲು ತೆಗದಾಕಿ ರಜಿಯಾ ಬೇಗಂ. ಇಂತಿ, ಯಂಕೋಬ."

ಶ್ರೀ ಇಲ್ಲ, ಶೆಟ್ಟಿ ಇಲ್ಲ, ಅಧ್ಯಕ್ಷರು ಎಂದೂ ಇಲ್ಲ. ಬೋಳು ಯಂಕೋಬ.

ಈ ತಿದ್ದುಪಡಿಯೊಂದಿಗೆ ವರದಿಗೆ ಒಪ್ಪಿಗೆ ಇರುವವರು ಕೈ ಎತ್ತಬೇಕು. ಎಲ್ಲ ಕೈಗಳೂ ಎದ್ದಿವೆ. ಖಾಸಿಂ ಬೀ ಅವರು ಎರಡೂ ಕೈ ಎತ್ತಿದ್ದಾರೆ, ಒಂದೇ ಸಾಕಮ್ಮಾ. ಹೆಣ್ಣುಮಕ್ಕಳ ಕಡೆ ಒಬ್ಬಾಕೆ ಮಾತ್ರ ಕೈ ಎತ್ತಿಲ್ಲ, ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಾಳೆ. ಆಕೆಯ ಒಪ್ಪಿಗೆಯನ್ನು ನಾವೇ ಹಿಡಿದುಕೊಳ್ಳೋಣ.

ಜಿಲಾನಿ ಪಾಷಾ ಅವರೇ, ನೀವು ಮಾತು ಬಂದರೆ ಮನೆಗೆ ಎಂದಿದ್ದಿರಿ. ಬಂದ ಮಾತನ್ನು ಈಗ ಅದರ ಯಜಮಾನರೇ ವಾಪಸ್ಸು ಒಯ್ದರು. ಹೊರಗೆ ದೇವದುರ್ಗದ ಬಸ್ಸು ಹಾರ್ನ್ ಹೊಡೆಯುತ್ತಿದೆ. ಹೋಗುವುದಾದರೆ ಈಗಲೇ ಏಳಬೇಕು. ನಾನು ತಡೆಯುವುದಿಲ್ಲ, ತಡೆಯುವ ಹಕ್ಕೂ ನನಗಿಲ್ಲ.

ಹಾರ್ನ್ ನಿಂತಿತು. ಬಸ್ಸು ಹೋಯಿತು. ಪಾಷಾ ಅವರು ಕುಳಿತೇ ಇದ್ದಾರೆ. ತೊಡೆಯ ಮೇಲಿದ್ದ ಚೀಲವನ್ನು ಕುರ್ಚಿಯ ಕೆಳಗೆ ಇಟ್ಟರು.

ನನ್ನ ವರದಿ ಮುಗಿಯಿತು. ಇಷ್ಟು ಹೊತ್ತು ತಾಳಿಕೊಂಡ ನಿಮಗೂ, ಪೆನ್ನು ಕೊಟ್ಟ ಡಾಕ್ಟರರಿಗೂ, ಮೂರನೆಯ ಚೀಟಿ ಕಳಿಸದ ಉದ್ಘೋಷಕರಿಗೂ, ನಮ್ಮ ಯಂಕೋಬನಿಗೂ ನಾನು ಋಣಿ. ಎಲ್ಲರಿಗೂ ನಮಸ್ಕಾರ.